ಎಫ್‌ಎಂ2, ಕಂಬಳ ಮತ್ತು ತಡವಾಗಿ ಬೀಳುವ ಶಟರ್

ನಿಮ್ಮ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾದಲ್ಲಿ ಕಂಬಳದ ಕೆನೆಹಲಗೆಯ (ಹಲಗೆಯಿಂದ ನೀರು ಚಿಮ್ಮಿಸುವ ಓಟ) ಫೋಟೋಗಳೆಲ್ಲ ತಡವಾಗಿ ಬೀಳುತ್ತಿವೆ, ಲೈಕಾ ತಗೊಂಡರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ದುಡ್ಡು ಹಾಕುವ ಮುಂಚೆ ಸ್ವಲ್ಪ ತಡೆಯಿರಿ.

ನಿಮ್ಮದರಂಥ ಎಸ್‌ಎಲ್‌ಆರ್‌ನಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಬಟನ್ ಒತ್ತಿದ ಮೇಲೆ ಕನ್ನಡಿ ಮೇಲೇಳಬೇಕು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಕಿರಿದಾಗಬೇಕು, ಆಮೇಲೆಯೇ ಶಟರ್ ತೆರೆಯುವುದು. ಇಷ್ಟಕ್ಕೆ ಸುಮಾರು 50 ಮಿಲಿಸೆಕೆಂಡ್ ಹಿಡಿಯುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಲೈಕಾ ಎಂ6ನಲ್ಲಿ ಏಳಬೇಕಾದ ಕನ್ನಡಿಯೇ ಇಲ್ಲ, 15ರ ಆಸುಪಾಸಿನಲ್ಲಿ ಮುಗಿಯುತ್ತದೆ. ಕ್ಯಾನನ್ 1989ರಲ್ಲಿ ತಂದ ಇಒಎಸ್ ಆರ್‌ಟಿಯಲ್ಲಿ ಕನ್ನಡಿ ಇದ್ದರೂ ಅಲುಗಾಡುವುದಿಲ್ಲ, ಬೆಳಕು ಅದರ ಮೂಲಕವೇ ಹಾಯುತ್ತದೆ. ಅದಕ್ಕೆ 8 ಸಾಕು. ಆದರೆ ಮೂರನೇ ಒಂದು ಭಾಗ ಬೆಳಕು ಫಿಲ್ಮಿಗೆ ಸಿಗುವುದಿಲ್ಲ.

ಈಗ ಕೋಣದ ಲೆಕ್ಕ. ಸೆಕೆಂಡಿಗೆ 10 ಮೀಟರ್ ಅಂದುಕೊಂಡರೆ 50 ಮಿಲಿಸೆಕೆಂಡಿಗೆ ಅರ್ಧ ಮೀಟರ್. ಆದರೆ ಕಣ್ಣು ಕಂಡದ್ದಕ್ಕೆ ಬೆರಳು ಒತ್ತಲು ನಮಗೇ 200 ಬೇಕು. ಅಲ್ಲೇ ಎರಡು ಮೀಟರ್ ಹೋಯ್ತು ಅಲ್ವಾ? ಯಾವ ಕ್ಯಾಮೆರಾ ಕೊಂಡರೂ ಆ ಎರಡು ಮೀಟರ್ ಉಳಿದೇ ಉಳಿಯುತ್ತದೆ.

ನಾನು ಮಾಡುವುದು ಇಷ್ಟು. ನಿಶಾನೆ, ಅಂದರೆ ನೀರು ಚಿಮ್ಮಿ ತಾಗಬೇಕಾದ ಮೇಲಿನ ಬಟ್ಟೆ, ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತದೆ, ಅಲ್ಲಿಗೇ ಫೋಕಸ್ ಇಟ್ಟುಬಿಡಿ. ಹಲಗೆ ಇನ್ನೂ ಎರಡೂವರೆ ಮೀಟರ್ ಹಿಂದಿರುವಾಗಲೇ ಒತ್ತಲು ಹೊರಡಿ. ನೀರು ನಿಶಾನೆಗೆ ಬಡಿದದ್ದು ವ್ಯೂಫೈಂಡರಿನಲ್ಲಿ ಚೆನ್ನಾಗಿ ಕಂಡಿತು ಅಂದರೆ ಅದು ಫಿಲ್ಮಿಗೆ ಬಂದಿಲ್ಲ ಅಂತಲೇ ಅರ್ಥ. ಫಿಲ್ಮಿಗೆ ಬೀಳುವ ಗಳಿಗೆಯಲ್ಲಿ ಕನ್ನಡಿ ಮೇಲಿರುತ್ತದೆ, ನಿಮ್ಮ ಕಣ್ಣಿಗೆ ಬರೀ ಕತ್ತಲು.

ಬೆರಳನ್ನೂ ಪಳಗಿಸಬೇಕು. ಫಿಲ್ಮ್ ಹಾಕದೆ ರಾತ್ರಿ ಕೂತು ಬಟನ್ ನಿಧಾನವಾಗಿ ಒತ್ತಿ ನೋಡಿ. ಮೊದಲು ಸಡಿಲ, ಬೆಳಕು ಅಳೆಯುವ ಮೀಟರ್ ಹೊತ್ತಿಕೊಳ್ಳುತ್ತದೆ, ಆಮೇಲೆ ಸ್ವಲ್ಪ ಬಿಗಿ, ಆಮೇಲೆ ಟಪ್ ಅಂತ ಬಿಡುತ್ತದೆ. ಆ ಬಿಗಿಯ ಅಂಚಿನಲ್ಲಿ ಬೆರಳು ನಿಲ್ಲಿಸುವುದು ರೂಢಿಯಾಗಲಿ. ಮೇಲಿಂದ ಕುಟ್ಟಿದರೆ ತಡವೂ ಆಗುತ್ತದೆ, ಫೋಟೋನೂ ಅಲುಗುತ್ತದೆ.

ಹಳೇ ಬಾಡಿ ಆದ್ದರಿಂದ ಇನ್ನೊಂದು ನೋಡಿ. ಕನ್ನಡಿ ಮೇಲೆ ಹೋಗಿ ತಾಗುವ ಜಾಗದಲ್ಲಿ ಫೋಮ್ ಪಟ್ಟಿ ಇರುತ್ತದೆ. ವರ್ಷಗಳಾದ ಮೇಲೆ ಅದು ಹಲಸಿನ ಮೇಣದ ಹಾಗೆ ಅಂಟಾಗಿ ಕನ್ನಡಿಯನ್ನೇ ಹಿಡಿದುಕೊಳ್ಳುತ್ತದೆ. ಹಾಗಾಗಿದ್ದರೆ ಬದಲಾಯಿಸಲೇಬೇಕು. ಅಪರ್ಚರ್ ಎಲೆಗಳಿಗೆ ಎಣ್ಣೆ ಹತ್ತಿದ್ದರೂ ಅವು ಮಂದವಾಗುತ್ತವೆ.

ಬಟನ್ ಇನ್ನೂ ಮೃದುವಾಗಿ ಬೇಕಿದ್ದರೆ ಅದರ ನಡುವಿನ ತಿರುಪಿನ ತೂತಿಗೆ ಸಾಫ್ಟ್ ರಿಲೀಸ್ ಅನ್ನುವ ಪುಟ್ಟ ಬಟನ್ ತಿರುಗಿಸಿ ಕೂರಿಸಬಹುದು. ಆದರೆ ಬ್ಯಾಗಿಗೆ ಹಾಕುವಾಗ ಅಡ್ವಾನ್ಸ್ ಲಿವರನ್ನು (ಫಿಲ್ಮ್ ಮುಂದೆ ಸರಿಸುವ ಹಿಡಿ) ಪೂರ್ತಿ ಒಳಗೆ ತಳ್ಳಿ, ಆಗ ಶಟರ್ ಲಾಕ್ ಆಗುತ್ತದೆ. ಇಲ್ಲದಿದ್ದರೆ ಸುಮ್ನೆ ಫ್ರೇಮ್ ಹಾಳಾಗುತ್ತದೆ.