14ನೇ ದಿನ ಲಸಿಕೆ ಕುಡಿಸಿದರೂ ಕೋಳಿಮರಿಗಳಿಗೆ ಗುಂಬೋರೊ (ರೋಗನಿರೋಧಕ ಶಕ್ತಿ ಕೆಡಿಸುವ ವೈರಸ್ ರೋಗ) ಬರುತ್ತಿದೆ. ಹೊಸ ತಳಿಯ ವೈರಸ್ಸೇ? ಇನ್ನೂ ಸ್ಟ್ರಾಂಗ್ ಲಸಿಕೆ ಯಾವುದು?

ಇದು ನಿಮ್ಮ ಪ್ರಶ್ನೆ. ಜಮಖಂಡಿ ಕಡೆಯ ನಿಮ್ಮ ಬ್ರಾಯ್ಲರ್ (ಮಾಂಸದ ಕೋಳಿ) ಶೆಡ್ಡು, 24ನೇ ದಿನದ ಹೊತ್ತಿಗೆ ಬಿಳಿ ಹಿಕ್ಕೆ, ಮುದುಡಿ ಕೂತ ಕೋಳಿ, ಸಾವು. ಊರಿನ ಹೆಸರೊಂದು ಬಿಟ್ಟರೆ ಇದು ಅಥಣಿ ಹತ್ತಿರದ ನಮ್ಮ ಶೆಡ್ಡಿನದೇ ಕಥೆ. ನಾವೂ "ವೈರಸ್ ಬದಲಾಗಿದೆ" ಅಂದುಕೊಂಡು ಮಧ್ಯಮ ಬಲದ ಇಂಟರ್ಮೀಡಿಯೆಟ್ ಲಸಿಕೆ ಬಿಟ್ಟು ಅದಕ್ಕಿಂತ ಬಲವಾದ ಇಂಟರ್ಮೀಡಿಯೆಟ್ ಪ್ಲಸ್ ತಂದು 10ನೇ ದಿನಕ್ಕೇ ಕುಡಿಸಿದೆವು. ಗುಂಬೋರೊ ಸಾವು ಕಡಿಮೆಯಾಯಿತು. ಆದರೆ ನಾಲ್ಕನೇ ವಾರದಿಂದ ಇ-ಕೋಲೈ ಬ್ಯಾಕ್ಟೀರಿಯಾ ಸೋಂಕು, ಅದರ ಹಿಂದೆಯೇ, ಅದಕ್ಕೆಂದೇ ಇರುವ ಲಸೋಟಾ ಲಸಿಕೆ ಹಾಕಿದ್ದರೂ, ಕೊಕ್ಕರೆ ರೋಗ (ರಾಣಿಖೇತ್). ಮೇವು ತಿಂದದ್ದಕ್ಕೆ ತೂಕ ಬರಲಿಲ್ಲ.

ತಪ್ಪಿದ್ದು ಎಲ್ಲಿ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ನೀವು ಈಗ ಅದನ್ನೇ ಮಾಡಲು ಹೊರಟಿದ್ದೀರಿ.

ಮರಿ ಹುಟ್ಟುವಾಗಲೇ ತಾಯಿಯಿಂದ ಗುಂಬೋರೊ ಪ್ರತಿಕಾಯ ತಂದಿರುತ್ತದೆ. ಅದು ಮೇಲಿರುವ ತನಕ ಜೀವಂತ ಲಸಿಕೆಯನ್ನು ಕೊಂದುಹಾಕುತ್ತದೆ. ಬ್ರಾಯ್ಲರ್‌ನಲ್ಲಿ ಸುಮಾರು 3 ದಿನಕ್ಕೊಮ್ಮೆ ಈ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ಅರ್ಧಕ್ಕೆ ಇಳಿಯುತ್ತದೆ. ಮೊದಲ 4 ದಿನ ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿರಿ. ಎಲೈಸಾ (ಪ್ರತಿಕಾಯ ಅಳೆಯುವ ರಕ್ತಪರೀಕ್ಷೆ) ಟೈಟರ್ 125ರ ಆಸುಪಾಸಿಗೆ ಬಂದಾಗ ಇಂಟರ್ಮೀಡಿಯೆಟ್ ಲಸಿಕೆ ಹಿಡಿಯುತ್ತದೆ, 500ಕ್ಕೆ ಬಂದರೆ ಇಂಟರ್ಮೀಡಿಯೆಟ್ ಪ್ಲಸ್ ಹಿಡಿಯುತ್ತದೆ. ಒಂದು ದಿನದ ಮರಿಯ ಟೈಟರ್ 4000 ಇದ್ದರೆ 125ಕ್ಕೆ ಬರಲು ಐದು ಸಲ ಅರ್ಧವಾಗಬೇಕು: 15 ದಿನ, ಜೊತೆಗೆ ಆ 4, ಒಟ್ಟು 19ನೇ ದಿನ. ಪಕ್ಕದ ಮರಿಯದು 1000 ಇದ್ದರೆ 13ನೇ ದಿನ. ಹ್ಯಾಚರಿಯವರು ಎಳೆಯ ತಾಯಿಕೋಳಿಗಳ ಮೊಟ್ಟೆ, ವಯಸ್ಸಾದವುಗಳ ಮೊಟ್ಟೆ ಒಟ್ಟಿಗೇ ಹಾಕಿ ಒಂದೇ ಗಾಡಿಯಲ್ಲಿ ಮರಿ ಕಳಿಸುತ್ತಾರೆ. ಹಾಗಾಗಿ ಎರಡೂ ನಮೂನೆ ಒಂದೇ ಶೆಡ್ಡಿನಲ್ಲಿ ಓಡಾಡುತ್ತಿರುತ್ತವೆ. ನಿಮ್ಮ 14ನೇ ದಿನದ ಡೋಸು ಎರಡನೇ ಮರಿಗೆ ಸರಿಹೋಯಿತು, ಮೊದಲನೆಯದಕ್ಕೆ ನೀರು ಕುಡಿಸಿದಂತೆ. ಅದರ ಟೈಟರ್ ಇಳಿದಾಗ ನೆಲಕ್ಕೆ ಹಾಸಿದ ಹೊಟ್ಟಿನ ಲಿಟರ್‌ನಲ್ಲಿದ್ದ ವೈರಸ್ ಕಾದು ಕೂತಿತ್ತು.

ಇನ್ನು ನಮ್ಮ 10ನೇ ದಿನ. 4000ದ ಮರಿಯಲ್ಲಿ ಆಗ ಟೈಟರ್ ಇನ್ನೂ 1000, ಆ ಬಲವಾದ ಲಸಿಕೆಯೂ ಅಲ್ಲಿ ಸತ್ತಿತು. 1000ದ ಮರಿಯಲ್ಲಿ ಆಗಲೇ 250. ಅಲ್ಲಿ ತಡೆ ಇಲ್ಲದ ಲಸಿಕೆ ವೈರಸ್ಸು ನೇರವಾಗಿ ಬರ್ಸಾಕ್ಕೆ ಇಳಿಯಿತು. ಬರ್ಸಾ ಅಂದರೆ ಗುದದ್ವಾರದ ಮೇಲೆ ಇರುವ ಪುಟ್ಟ ಚೀಲ, ಪ್ರತಿಕಾಯ ಮಾಡುವ ಬಿ ಕಣಗಳು ಬೆಳೆಯುವ ಜಾಗ. ಅದು ಚಿಕ್ಕ ವಯಸ್ಸಿನಲ್ಲೇ ಸುಟ್ಟುಹೋದರೆ ಮುಂದೆ ಹಾಕುವ ಲಸೋಟಾಕ್ಕೆ ಉತ್ತರ ಕೊಡಲು ಕೋಳಿಯಲ್ಲಿ ಏನೂ ಉಳಿಯುವುದಿಲ್ಲ. ಮೂರು-ನಾಲ್ಕು ವಾರದ ಕೋಳಿ ಕೊಯ್ದಾಗ ಬರ್ಸಾವನ್ನು ಗುಲ್ಮದ ಪಕ್ಕ ಇಟ್ಟು ನೋಡಿರಿ. ಆರೋಗ್ಯದ ಹಕ್ಕಿಯಲ್ಲಿ ಬರ್ಸಾ ದೊಡ್ಡದು. ನಮ್ಮವುಗಳಲ್ಲಿ ಕಡಲೆಕಾಳಿನಷ್ಟು ಸುರುಟಿಕೊಂಡಿತ್ತು.

ಹಾಗಾದರೆ ವೈರಸ್ಸಿನ ತಳಿ ಹೇಳುವ ಜೀನ್ ಪರೀಕ್ಷೆ ಬೇಡವೇ? ಬೇಕು, ಆದರೆ ನೀವು ಕೇಳಿದ ಕಾರಣಕ್ಕಲ್ಲ. ಸಾವು ತರುವ ಅತಿ ತೀವ್ರ ಗುಂಬೋರೊ ತಳಿ ಪ್ರತಿಕಾಯ ಗುರುತು ಹಿಡಿಯುವ ಮೈಮೇಲಿನ ಗುರುತಿನಲ್ಲಿ ಹಳೆಯ ತಳಿಗೆ ಬಹಳ ಹತ್ತಿರ. ಹಿಡಿದ ಲಸಿಕೆ ಅದನ್ನು ತಡೆಯುತ್ತದೆ. ಅದರ ಹೆಚ್ಚುಗಾರಿಕೆ ಏನೆಂದರೆ ತಾಯಿ ಪ್ರತಿಕಾಯ ಸ್ವಲ್ಪ ಎತ್ತರದಲ್ಲಿರುವಾಗಲೇ ಒಳಗೆ ನುಗ್ಗುತ್ತದೆ, ಅಂದರೆ ಲಸಿಕೆಗಿಂತ ಮೊದಲೇ ಬರ್ಸಾ ಮುಟ್ಟುತ್ತದೆ. ಅಮೆರಿಕ, ಚೀನಾದ ವೇರಿಯಂಟ್ ತಳಿಗಳ ಮಾತು ಬೇರೆ. ಅವು ಸದ್ದಿಲ್ಲದೆ ಬರ್ಸಾ ಕುಗ್ಗಿಸುತ್ತವೆ, ಸಾವು ಕಡಿಮೆ.

ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ: ಜೀವಂತ ಲಸಿಕೆ ಕುಡಿಸಿದ ಹಿಂಡಿನಲ್ಲಿ ಬರೀ ಪಿಸಿಆರ್ (ವೈರಸ್ ಇದೆಯೇ ಎಂದಷ್ಟೇ ಹೇಳುವ ಜೀನ್ ಪರೀಕ್ಷೆ) "ಪಾಸಿಟಿವ್" ಬಂದರೆ ಅದು ನೀವೇ ಕುಡಿಸಿದ ವೈರಸ್ ಇರಬಹುದು. ವೈರಸ್ಸಿನ ಹೊರಕವಚದ ವಿಪಿ2 ಜೀನಿನ ಅತಿ ಬದಲಾಗುವ ಭಾಗ, ಅಮೈನೋ ಆಮ್ಲ 206ರಿಂದ 350ರವರೆಗಿನದು, ಲ್ಯಾಬಿನಲ್ಲಿ ಓದಿಸಿದರೆ (ಸೀಕ್ವೆನ್ಸಿಂಗ್) ಮಾತ್ರ ಲಸಿಕೆ ಯಾವುದು, ಶೆಡ್ಡಿನ ವೈರಸ್ ಯಾವುದು ಬೇರೆಯಾಗುತ್ತದೆ. 222ರಲ್ಲಿ ಅಲನಿನ್, 256 ಮತ್ತು 294ರಲ್ಲಿ ಐಸೊಲ್ಯೂಸಿನ್, 299ರಲ್ಲಿ ಸೆರಿನ್ ಕಂಡರೆ ಅತಿ ತೀವ್ರ ತಳಿಯ ಗುರುತು. ಈ ವೈರಸ್ಸಿನ ಆರ್‌ಎನ್‌ಎ ಎರಡು ತುಂಡು, ಬೇರೆ ಬೇರೆ ತಳಿಗಳ ತುಂಡುಗಳು ಒಂದಕ್ಕೊಂದು ಕಲೆಯುತ್ತವೆ, ಆದ್ದರಿಂದ ಎರಡನೇ ತುಂಡಿನ ವಿಪಿ1 ಜೀನನ್ನೂ ಓದಿಸಲು ಕೇಳಿರಿ.

ಸ್ಯಾಂಪಲ್ಲು ಕೆಡುವುದೇ ಹೆಚ್ಚು. ರೋಗ ಕಂಡ ಮೊದಲ ಎರಡು-ಮೂರು ದಿನದಲ್ಲೇ ತೆಗೆಯಿರಿ, ಆಗ ಬರ್ಸಾ ಹಳದಿ ಲೋಳೆ ಸುತ್ತಿಕೊಂಡು ಊದಿರುತ್ತದೆ. ವಾರ ಕಳೆದರೆ ಕುಗ್ಗಿಬಿಡುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಬೆಳಗ್ಗೆ ಸತ್ತ ಕೋಳಿ ಮಧ್ಯಾಹ್ನಕ್ಕೆ ಕೆಲಸಕ್ಕೆ ಬಾರದು, ರೋಗ ಹಿಡಿದ ಜೀವಂತ ಕೋಳಿಯನ್ನೇ ವೈದ್ಯರ ಕೈಗೆ ಕೊಡಿರಿ. ಐದಾರು ಬರ್ಸಾ ಸಾಕು. ಪ್ರತಿಯೊಂದರ ಅರ್ಧ 10% ಫಾರ್ಮಲಿನ್‌ಗೆ, ಅಂಗಾಂಶ ನೋಡಲು. ಉಳಿದರ್ಧ ಐಸ್ ಮೇಲೆ, ಇಲ್ಲವೇ ಕೊಯ್ದ ಮುಖವನ್ನು ಸ್ಯಾಂಪಲ್ ಕೆಡದಂತೆ ಹಿಡಿದಿಡುವ ಲೇಪದ ಕಾಗದ, ಅಂದರೆ ಎಫ್‌ಟಿಎ ಕಾರ್ಡಿಗೆ ಒತ್ತಿ ಒಣಗಿಸಿ. ಕಾರ್ಡಿಗೆ ಐಸ್ ಬೇಡ, ನಮ್ಮ ಕಡೆಯ ಬಸ್ ಪಾರ್ಸಲ್‌ಗೆ ಅದೇ ಒಳ್ಳೆಯದು. ಫಾರ್ಮಲಿನ್ ತುಂಡನ್ನು ಪಿಸಿಆರ್‌ಗೆ ಕಳಿಸಬೇಡಿರಿ. ಲಸಿಕೆಯ ಹೆಸರು, ಹಾಕಿದ ದಿನ ಚೀಟಿಯಲ್ಲಿರಲಿ. ತಾಲೂಕು ಪಶುವೈದ್ಯರ ಮೂಲಕ ಹೆಬ್ಬಾಳದ ರಾಜ್ಯ ಪಶು ಆರೋಗ್ಯ ಸಂಸ್ಥೆಗೆ ಹೋಗಲಿ.

ಅದಕ್ಕಿಂತ ಮೊದಲು ಮುಂದಿನ ಬ್ಯಾಚಿನ 20 ಮರಿಗಳ ರಕ್ತ ಮೊದಲ ದಿನವೇ ಎಲೈಸಾಕ್ಕೆ ಕೊಡಿರಿ. ಟೈಟರ್ ಚದುರಿದ್ದರೆ ಇಂಟರ್ಮೀಡಿಯೆಟ್ ಎರಡು ಡೋಸು, ಮೇಲಿನ ಲೆಕ್ಕದಲ್ಲಿ 13 ಮತ್ತು 19. ಇಂಟರ್ಮೀಡಿಯೆಟ್ ಪ್ಲಸ್ ಬೇಕೇ ಬೇಕು ಅಂದರೆ ತಳಿ ಖಾತ್ರಿಯಾದ ಮೇಲೆ, ಟೈಟರ್ 500ಕ್ಕೆ ಇಳಿಯುವ ದಿನ ಬಂದಾಗ ಮಾತ್ರ. ಹ್ಯಾಚರಿಯಲ್ಲೇ ಚುಚ್ಚುವ, ಗುಂಬೋರೊ ಜೀನನ್ನು ಟರ್ಕಿ ಕೋಳಿಯ ಹರ್ಪಿಸ್ ವೈರಸ್ಸಿನ ಮೇಲೆ ಹೊರಿಸಿದ ಎಚ್‌ವಿಟಿ ವೆಕ್ಟರ್ ಲಸಿಕೆಗೆ ತಾಯಿ ಪ್ರತಿಕಾಯದ ಕಾಟವಿಲ್ಲ, ದರ ಹೊಂದಿದರೆ ಕೇಳಿ ನೋಡಿರಿ.

ಲಸಿಕೆ ನೀರಿಗೆ ಕ್ಲೋರಿನ್ ಎರಡು ದಿನ ಮೊದಲೇ ನಿಲ್ಲಿಸಿ, ಕೆನೆ ತೆಗೆದ ಹಾಲಿನ ಪುಡಿ ಲೀಟರಿಗೆ 2.5 ಗ್ರಾಂ ಕದಡಿ, ಎರಡು ಗಂಟೆಯೊಳಗೆ ಕುಡಿದು ಮುಗಿಯಲಿ. ಶೆಡ್ಡಿಗೆ ಸುಣ್ಣವೊಂದೇ ಸಾಲದು. ಖಾಲಿ ಶೆಡ್ಡಿನಲ್ಲಿ ಈ ವೈರಸ್ 122 ದಿನ ಉಳಿದದ್ದು ದಾಖಲಾಗಿದೆ, ಲಿಟರ್‌ನ ಕಪ್ಪು ಹುಳದಲ್ಲೂ ಇರುತ್ತದೆ. ಸೋಪಿನ ನೀರಲ್ಲಿ ತಿಕ್ಕಿ ತೊಳೆದು, ಒಣಗಿಸಿ, ಆಮೇಲೆ ಗ್ಲುಟರಾಲ್ಡಿಹೈಡ್ ಅಥವಾ ಫಾರ್ಮಲಿನ್ ಹೊಡೆಯಿರಿ.