ಪ್ರಕರಣ: ಆಕ್ಸಿಜನ್ ಮಷಿನ್ ಮತ್ತು 200 ಯೂನಿಟ್‌ನ ಗೆರೆ

ಬಾಡಿಗೆ ಮನೆ, ಮೂವರ ಸಂಸಾರ. ತಾಯಿಗೆ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ); ದಿನಕ್ಕೆ 15 ಗಂಟೆ ಆಕ್ಸಿಜನ್ ಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ. 5 ಲೀಟರ್‌ನ ಕಾನ್ಸನ್‌ಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಷಿನ್) ಮನೆಗೆ ಬಂದ ಮೇಲೆ, ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಶೂನ್ಯ ಬಿಲ್ ನಿಂತು, ಪೂರ್ತಿ ಬಿಲ್ ಬರತೊಡಗಿತು. ಎರಡು ತಿಂಗಳ ಬಾಕಿಯಾಯಿತು. ಮಗ ನಮ್ಮಲ್ಲಿಗೆ ಸಲಹೆ ಕೇಳಿ ಬಂದದ್ದು ಬಾಕಿಯ ವಿಚಾರಕ್ಕೆ. ಮಾತಿನ ನಡುವೆ ಗೊತ್ತಾದದ್ದು, ಬಿಲ್ ನೋಡಿ ಹೆದರಿದ ತಾಯಿ ಹಗಲು ಹೊತ್ತು ಮಷಿನ್ ಆರಿಸಿಡುತ್ತಿದ್ದಾರೆ ಎಂಬುದು.

ಮೊದಲ ಸಲಹೆ ತಾಯಿಗೇ: "ಅಮ್ಮಾ, ಕರೆಂಟ್ ಬೇರೆ ಕಡೆ ಉಳಿಸೋಣ. ಮಷಿನ್ ಗಂಟೆ ಮಾತ್ರ ಡಾಕ್ಟರು ಹೇಳಿದಷ್ಟೇ ಇರಲಿ."

ಆಮೇಲೆ ಲೆಕ್ಕ. ಮಷಿನ್ನಿನ ಲೇಬಲ್ಲಿನಲ್ಲಿ 350 ವ್ಯಾಟ್. 15 ಗಂಟೆಗೆ 5.25 ಯೂನಿಟ್, ತಿಂಗಳಿಗೆ ಸುಮಾರು 157. ಇವರ 2022-23ರ ತಿಂಗಳ ಸರಾಸರಿ 62; ಅದಕ್ಕೆ ಶೇಕಡಾ 10 ಸೇರಿ ಉಚಿತ ಮಿತಿ ಸುಮಾರು 68. ಮಷಿನ್ 15 ಗಂಟೆಯೂ ನಡೆದರೆ ಬಳಕೆ 219. ಮಿತಿ ದಾಟಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಹಾಗಾಗಿ ಕೊನೆಯ 19 ಯೂನಿಟ್‌ಗಳೇ ದುಬಾರಿ. ವೈದ್ಯರ ಪತ್ರ ಕೊಟ್ಟರೆ ಮಿತಿ ಏರುತ್ತದೆಯೇ ಎಂದು ಮಗ ಕೇಳಿದರು. ಇಲ್ಲ, ಯೋಜನೆ ನೋಡುವುದು ಯೂನಿಟ್ಟನ್ನು, ಕಾಯಿಲೆಯನ್ನಲ್ಲ. (ನೋಡಬೇಕಿತ್ತು, ಆ ಮಾತು ಬೇರೆ.)

ತಾಯಿಯ ಕೋಣೆಯ 75 ವ್ಯಾಟ್ ಫ್ಯಾನ್ ದಿನಕ್ಕೆ 12 ಗಂಟೆ ತಿರುಗುತ್ತದೆ. ಅದರ ಜಾಗಕ್ಕೆ 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಮೋಟರಿನ) ಫ್ಯಾನ್ ಹಾಕಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ದಿನಾ 20 ನಿಮಿಷ ಉರಿಯುವ 2 ಕಿಲೋವ್ಯಾಟ್ ಗೀಸರ್ 10 ನಿಮಿಷಕ್ಕೆ ಇಳಿದರೆ ಇನ್ನೊಂದು 10. ಬಳಕೆ 193ಕ್ಕೆ ಬರುತ್ತದೆ. ಅಂಚು ತೀರಾ ಸಣ್ಣದು. ಆದ್ದರಿಂದ ರೀಡಿಂಗ್ ತೆಗೆದ ದಿನದಿಂದ ವಾರಕ್ಕೊಮ್ಮೆ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೆಯಬೇಕು. ದಿನಕ್ಕೆ ಆರೂವರೆ ಯೂನಿಟ್ ದಾಟಿದರೆ ತಿಂಗಳ ಕೊನೆಗೆ ತಪ್ಪಿಸಿಕೊಳ್ಳಲಾಗದು. ಮನೆಯಲ್ಲೇ ಎರಡನೇ ಮೀಟರ್ ಹಾಕಿಸಿ ಎಂದು ಯಾರೋ ಹೇಳಿದ್ದರಂತೆ. ಒಂದು ಕುಟುಂಬಕ್ಕೆ ಒಂದೇ ಸಂಪರ್ಕಕ್ಕೆ ಸೌಲಭ್ಯ. ಆ ದಾರಿ ಬೇಡ.

ಮಷಿನ್ನಿನ ಹೊರಗಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಗೋಡೆಯಿಂದ ಒಂದಡಿ ದೂರವಿಡಬೇಕು. ಧೂಳು ಕಟ್ಟಿದರೆ ಕಂಪ್ರೆಸರ್ ಬಿಸಿಯಾಗುತ್ತದೆ, ಆಕ್ಸಿಜನ್ ಸಾಂದ್ರತೆ ಇಳಿಯುತ್ತದೆ.

ಬಾಕಿಗೆ: ವೈದ್ಯರ ಚೀಟಿಯ ಪ್ರತಿ ಲಗತ್ತಿಸಿ, ಕಂತು ಕೋರಿ ವಿದ್ಯುತ್ ಕಂಪನಿಯ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಬೇಕು. ಕಂತು ಕೊಡುವುದು ಅವರ ವಿವೇಚನೆ. ಆದರೆ 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನ ಪ್ರಕಾರ 15 ದಿನಗಳ ಲಿಖಿತ ನೋಟಿಸ್ ಇಲ್ಲದೆ ಬಾಕಿಗಾಗಿ ಲೈನ್ ಕಡಿಯುವಂತಿಲ್ಲ. ಬಾಯಿಮಾತಿನ ಎಚ್ಚರಿಕೆ ನೋಟಿಸ್ ಅಲ್ಲ.

ಕರೆಂಟ್ ಹೋದಾಗಿನ ಮಾತು ಬಿಟ್ಟೇಹೋಗಿತ್ತು. 1.5 ಘನಮೀಟರ್‌ನ ಬಿ-ಟೈಪ್ ಆಕ್ಸಿಜನ್ ಸಿಲಿಂಡರ್ ನಿಮಿಷಕ್ಕೆ 2 ಲೀಟರ್‌ನಂತೆ ಸುಮಾರು 12 ಗಂಟೆ ಬರುತ್ತದೆ. ಒಂದನ್ನು ರೆಗ್ಯುಲೇಟರ್ ಸಮೇತ, ಒಲೆ ಮತ್ತು ದೇವರ ದೀಪದಿಂದ ದೂರ, ಬೀಳದಂತೆ ಕಟ್ಟಿ ಇಡಲು ಹೇಳಲಾಯಿತು.