ದಾನಪತ್ರದ ಮೂರನೆಯ ಪುಟ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ಹಿರಿಯ ಮಹಿಳೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಭೇಟಿಗಳಲ್ಲಿ ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆನಾದ್ದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಮ್ಮನಿಗೆ 72 ವರ್ಷ. ದಕ್ಷಿಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಕಿರಿಯ ಮಗನ ಮನೆಯಲ್ಲಿ ವಾಸ. ಯಜಮಾನರು ಸರ್ಕಾರಿ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಅವರು ತೀರಿಕೊಂಡ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿದೆ. ಅವರನ್ನು ನನ್ನ ಬಳಿಗೆ ಕಳುಹಿಸಿದವರು ಕಣ್ಣಿನ ವೈದ್ಯರು. ಅಮ್ಮನಿಗೆ ಎರಡೂ ಕಣ್ಣುಗಳಲ್ಲಿ ಗ್ಲಾಕೋಮಾ ಇದೆ. ಈ ಕಾಯಿಲೆಯಲ್ಲಿ ಒಮ್ಮೆ ಹೋದ ದೃಷ್ಟಿ ಮರಳುವುದಿಲ್ಲ. ಇರುವಷ್ಟನ್ನು ಉಳಿಸಿಕೊಳ್ಳಲು ಡ್ರಾಪ್ಸನ್ನು ಒಂದು ದಿನವೂ ತಪ್ಪದೆ ಹಾಕಿಕೊಳ್ಳಬೇಕು. ಸಾಮಾನ್ಯವಾಗಿ ಒಂದು ತಿಂಗಳಿಗೆ ಮುಗಿಯುವ, ತೆರೆದ ಮೇಲೆ ಅಷ್ಟರೊಳಗೆ ಮುಗಿಸಲೇಬೇಕಾದ ಬಾಟಲಿಯನ್ನು ಅಮ್ಮ ಐದು ತಿಂಗಳಿಂದ ಬಳಸುತ್ತಿದ್ದರು. ವೈದ್ಯರು ಒತ್ತಾಯಿಸಿ ಕೇಳಿದಾಗ, ದಿನ ಬಿಟ್ಟು ದಿನ, ಅದೂ ಬಲಗಣ್ಣಿಗೆ ಮಾತ್ರ ಹಾಕಿಕೊಳ್ಳುತ್ತಿರುವುದಾಗಿ ಹೇಳಿದರು. "ಎರಡಕ್ಕೂ ಸಾಲಲ್ಲ ಡಾಕ್ಟ್ರೇ, ಒಂದಾದ್ರೂ ಉಳ್ಕೊಳ್ಳಿ ಅಂತ" ಎಂದರಂತೆ. ಪಿಂಚಣಿ ಬರುವ ಹೆಂಗಸು ಡ್ರಾಪ್ಸಿಗೆ ಗತಿಯಿಲ್ಲದೆ ಯಾವ ಕಣ್ಣನ್ನು ಉಳಿಸಿಕೊಳ್ಳಬೇಕೆಂದು ತಾನೇ ಆರಿಸಿಕೊಂಡಿದ್ದರು ಎಂಬ ಒಂದು ಸಂಗತಿಯೇ, ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಸಾಕಾಗಿತ್ತು.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಬೇರೆ ಊರಿನಲ್ಲಿರುವ ಮಗಳು ಅಮ್ಮನನ್ನು ಕರೆದುಕೊಂಡು ಬಂದಿದ್ದರು. ಮುಕ್ಕಾಲು ಗಂಟೆ ಅವರೇ ಮಾತನಾಡಿದರು, ನಾನೂ ಅವರಿಗೇ ಉತ್ತರ ಕೊಡುತ್ತ ಹೋದೆ. ಹಿರಿಯ ನಾಗರಿಕರ ಕಾಯ್ದೆ, ಉಪವಿಭಾಗಾಧಿಕಾರಿಯವರಿಗೆ ಅರ್ಜಿ, ಅಗತ್ಯ ಬಿದ್ದರೆ ಪೊಲೀಸರಿಗೆ ದೂರು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅದುವರೆಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದ ಅಮ್ಮ ಎದ್ದು ನಿಂತು, "ಮಗನ ಮೇಲೆ ಕೇಸು ಹಾಕಿ ನಾನು ಯಾವ ಮುಖ ಇಟ್ಕೊಂಡು ಸಾಯ್ಲಿ ಮೇಡಂ? ಅವ್ನು ನನ್ನ ಹೊಡ್ದಿಲ್ಲ, ಬಡ್ದಿಲ್ಲ" ಎಂದು ಹೊರಟೇಬಿಟ್ಟರು. ಹಿರಿಯರನ್ನು ಕರೆತಂದವರು ಎಷ್ಟೇ ಒಳ್ಳೆಯವರಾಗಿರಲಿ, ಮೊದಲ ಮಾತು ಹಿರಿಯರೊಬ್ಬರೊಂದಿಗೇ ಆಗಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಅದನ್ನು ಮರೆತದ್ದಕ್ಕೆ ಹತ್ತು ದಿನ ಕಾಯಬೇಕಾಯಿತು.

ಎರಡನೆಯ ಸಲ ಅಮ್ಮ ಬಂದಾಗ ಮಗಳನ್ನು ಹೊರಗೆ ಕೂರಿಸಿದೆ. ಕಾನೂನಿನ ಮಾತನ್ನೇ ಎತ್ತದೆ, ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗಿನ ದಿನಚರಿಯನ್ನು ಕೇಳಿದೆ. ಯಾರು ಹೇಗೆ ನೋಡಿಕೊಳ್ಳುತ್ತಾರೆ ಎಂದು ನೇರವಾಗಿ ಕೇಳಿದರೆ "ಚೆನ್ನಾಗೇ ನೋಡ್ಕೋತಾರೆ" ಎನ್ನುವವರೂ, ದಿನಚರಿ ಹೇಳುವಾಗ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ. ಎರಡು ವರ್ಷದ ಹಿಂದೆ ಅಮ್ಮನ ಹಾಸಿಗೆ ನಡುಮನೆಯಿಂದ ಹಿತ್ತಲ ಕಡೆಯ ಕೋಣೆಗೆ ಹೋಗಿತ್ತು. ಹಿಂದೆ ಅದರಲ್ಲಿ ಸೌದೆ ತುಂಬುತ್ತಿದ್ದರು. ತಟ್ಟೆ ಲೋಟ ಬೇರೆ. ಊಟ ಎರಡು ಹೊತ್ತು ಬಾಗಿಲ ಬಳಿ ಬರುತ್ತಿತ್ತು, ಕೆಲವು ದಿನ ಒಂದೇ ಹೊತ್ತು. ಎಟಿಎಂ ಕಾರ್ಡು ಮಗನ ಬಳಿ. ಬ್ಯಾಂಕಿನಿಂದ ಬರುವ ಮೆಸೇಜುಗಳೂ ಅವನ ಮೊಬೈಲಿಗೇ. ಪಿಂಚಣಿ ಎಷ್ಟು ಬರುತ್ತದೆ ಎಂಬುದು ಅಮ್ಮನಿಗೆ ಸರಿಯಾಗಿ ಗೊತ್ತಿರಲಿಲ್ಲ. ಮಗ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಗೆ ಕರೆದೊಯ್ಯುತ್ತಿದ್ದದ್ದು ವರ್ಷಕ್ಕೆ ಒಂದು ದಿನ, ಪಿಂಚಣಿ ನಿಲ್ಲದಂತೆ ಬ್ಯಾಂಕಿಗೆ ಜೀವಿತ ಪ್ರಮಾಣಪತ್ರ ಕೊಡುವುದಕ್ಕೆ. "ಅವತ್ತು ಮಾತ್ರ ಸೊಸೆ ಒಳ್ಳೆ ಸೀರೆ ತೆಕ್ಕೊಡ್ತಾಳೆ" ಎಂದು ಹೇಳಿ ಬಹಳ ಹೊತ್ತು ಸುಮ್ಮನಾದರು.

ಇದಕ್ಕೆ ದೌರ್ಜನ್ಯ ಎಂಬ ಹೆಸರು ಕೊಡಲು ಅಮ್ಮ ಸಿದ್ಧರಿರಲಿಲ್ಲ. ನಾನು ಕಂಡ ಬಹುಪಾಲು ಹಿರಿಯರೂ ಸಿದ್ಧರಿರುವುದಿಲ್ಲ. ಹೊಡೆತವೊಂದನ್ನೇ ಹಿಂಸೆ ಎಂದು ಎಣಿಸಿ, ಹೊಟ್ಟೆಗೆ ಹಾಕದಿರುವುದು, ಔಷಧಿ ತಂದುಕೊಡದಿರುವುದು, ಹಣವನ್ನು ವಶದಲ್ಲಿಟ್ಟುಕೊಳ್ಳುವುದು, ಮಾತು ಬಿಡುವುದು ಇವೆಲ್ಲ ಹಣೆಬರಹ ಎಂದುಕೊಂಡಿರುತ್ತಾರೆ. ಜೊತೆಗೆ ಮನೆಯ ಮರ್ಯಾದೆ ಬೀದಿಗೆ ಬಂದೀತು ಎಂಬ ಭಯ. ಎಲ್ಲಕ್ಕಿಂತ ಆಳದಲ್ಲಿ, ದೂರು ಕೊಡುವುದೆಂದರೆ ಮಗನಿಗೆ ಶಾಪ ಹಾಕಿದಂತೆ ಎಂಬ ನಂಬಿಕೆ. ಈ ಮೂರನೆಯದನ್ನು ಬಿಡಿಸದೆ ಕಾನೂನಿನ ಯಾವ ಕಲಮನ್ನು ಹೇಳಿದರೂ ಅದು ಅವರ ಕಿವಿಗೆ ಬೀಳುವುದಿಲ್ಲ. ಆದ್ದರಿಂದ ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮ, ನಾಳೆಯಿಂದ ಏನು ಬದಲಾದರೆ ನಿಮಗೆ ನೆಮ್ಮದಿ?" ಉತ್ತರ ತಕ್ಷಣ ಬಂತು. ಡ್ರಾಪ್ಸು ಸರಿಯಾಗಿ ಸಿಗಬೇಕು, ನಡುಮನೆಯಲ್ಲಿ ಮಲಗಬೇಕು, ಪಿಂಚಣಿ ದುಡ್ಡು ಕೈಗೆ ಬರಬೇಕು. ಮನೆ ಬಿಟ್ಟು ಎಲ್ಲಿಗೂ ಹೋಗಲಾರೆ ಎಂದರು. ಮಗ ಜೈಲಿಗೆ ಹೋಗಬೇಕು ಎಂಬುದು ಆ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ. ಹೋಗಬೇಕಾಗಿಯೂ ಇಲ್ಲ ಎಂದು ನಾನು ಹೇಳಿದ ಮೇಲೆಯೇ ಅವರು ನನ್ನ ಮುಖ ನೋಡಿ ಮಾತನಾಡತೊಡಗಿದರು.

2007ರ ತಂದೆ-ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯನ್ನು ಅವರಿಗೆ ಅರ್ಥವಾಗುವಂತೆ ವಿವರಿಸಲು ಎರಡು ಭೇಟಿಗಳು ಬೇಕಾದವು. ಪೋಷಣೆ ಎಂಬ ಪದದೊಳಗೆ ಈ ಕಾಯ್ದೆ ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರಗಳನ್ನೆಲ್ಲ ಸೇರಿಸುತ್ತದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಯವರ, ಅಂದರೆ ಜನ ಎಸಿ ಸಾಹೇಬರೆನ್ನುವವರ, ನ್ಯಾಯಮಂಡಳಿಗೆ ಸಲ್ಲಿಸಬೇಕು. ಹಿರಿಯರಿಗೆ ಸ್ವತಃ ಆಗದಿದ್ದರೆ ಅವರು ಒಪ್ಪಿ ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಸಲ್ಲಿಸಬಹುದು. ಎದುರು ಪಕ್ಷಕ್ಕೆ ನೋಟಿಸು ತಲುಪಿದ 90 ದಿನಗಳೊಳಗೆ ಇತ್ಯರ್ಥವಾಗಬೇಕು. ವಿಶೇಷ ಕಾರಣವಿದ್ದರೆ ಇನ್ನು 30 ದಿನ ಹೆಚ್ಚಿಸಬಹುದು. ವಿಚಾರಣೆಗೆ ಮೊದಲು ಸಂಧಾನಾಧಿಕಾರಿಯ ಮುಂದೆ ರಾಜಿಗೆ ಅವಕಾಶವಿದೆ, ಅಲ್ಲಿ ಒಪ್ಪಿದ್ದನ್ನು ನ್ಯಾಯಮಂಡಳಿ ಆದೇಶವಾಗಿ ಬರೆಯುತ್ತದೆ. ಈ ಸಂಧಾನದ ಮಾತು ಅಮ್ಮನಿಗೆ ಬಹಳ ಹಿಡಿಸಿತು. "ಅಂದ್ರೆ ಪಂಚಾಯ್ತಿ ಥರ, ಆದ್ರೆ ಸರ್ಕಾರದ್ದು" ಎಂದು ಅವರೇ ಅರ್ಥ ಹೇಳಿಕೊಂಡರು.

ಒಂದು ತೊಡಕನ್ನು ಮರೆಮಾಚದೆ ಹೇಳಿದೆ. ಮಾಸಿಕ ಪೋಷಣಾ ಹಣವನ್ನು ಕೇಳುವವರು ತಮ್ಮ ಸ್ವಂತ ಆದಾಯ ಅಥವಾ ಆಸ್ತಿಯಿಂದ ಜೀವನ ನಡೆಸಲಾಗದವರಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಮೂಲ ಕಾಯ್ದೆಯಲ್ಲಿ, ಕೊಡಿಸಬಹುದಾದ ಪೋಷಣಾ ಹಣದ ಮಿತಿ ತಿಂಗಳಿಗೆ 10,000 ರೂಪಾಯಿ. ಪಿಂಚಣಿ ಇರುವ ಅಮ್ಮ ಹಣವನ್ನೇ ಮುಖ್ಯವಾಗಿ ಕೇಳಿದರೆ ಅರ್ಜಿ ದುರ್ಬಲವಾಗುತ್ತಿತ್ತು. ಅವರಿಗೆ ಬೇಕಾದದ್ದು ತಮ್ಮ ಹಣವೇ ತಮ್ಮ ಕೈಗೆ ಬರುವುದು. ಅದಕ್ಕೆ ನ್ಯಾಯಮಂಡಳಿಗಿಂತ ಮೊದಲು ಬ್ಯಾಂಕಿಗೆ ಹೋಗಬೇಕು. ಆ ವಾರವೇ ಮಗಳೊಂದಿಗೆ ಶಾಖೆಗೆ ಹೋಗಿ ಹಳೆಯ ಕಾರ್ಡನ್ನು ನಿಲ್ಲಿಸಿ, ಖಾತೆಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆಯನ್ನು ಬದಲಿಸಿ, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರಲು ಹೇಳಿದೆ. ಹೊಸ ಸಂಖ್ಯೆ ಮಗಳದ್ದಾಗದೆ ಅಮ್ಮನ ಹೆಸರಿನಲ್ಲೇ ತೆಗೆದುಕೊಂಡ ಸಿಮ್ಮಿನದ್ದಾಗಿರಲಿ ಎಂದೂ ಹೇಳಿದೆ. ಮಗಳಿಗೆ ಇದು ಸ್ವಲ್ಪ ಬೇಸರ ತಂದಿತು. ಆದರೆ ಒಬ್ಬರ ಕೈಯಿಂದ ತಪ್ಪಿದ ಕಾರ್ಡು ಇನ್ನೊಬ್ಬರ ಕೈ ಸೇರುವುದು ಪರಿಹಾರವಲ್ಲ.

ಮನೆಯ ವಿಷಯ ಇದಕ್ಕಿಂತ ಗಂಭೀರವಾಗಿತ್ತು. 2015ರಲ್ಲಿ ಅಮ್ಮ ಮನೆಯನ್ನು ಕಿರಿಯ ಮಗನಿಗೆ ದಾನಪತ್ರ ಮಾಡಿ ನೋಂದಾಯಿಸಿಕೊಟ್ಟಿದ್ದರು. "ಸೈನ್ ಹಾಕಿದ್ಮೇಲೆ ಮುಗೀತಲ್ಲ" ಎಂಬುದು ಅವರ ತಿಳಿವಳಿಕೆ. ಮುಗಿದಿರುವುದಿಲ್ಲ. ಕಾಯ್ದೆಯ 23ನೆಯ ಕಲಮಿನ ಪ್ರಕಾರ, ಕಾಯ್ದೆ ಬಂದ ನಂತರ ಹಿರಿಯ ನಾಗರಿಕರು ತಮ್ಮ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಆ ಷರತ್ತನ್ನು ಮುರಿದರೆ, ಅದು ಮೋಸದಿಂದಲೋ ಒತ್ತಡದಿಂದಲೋ ಪಡೆದದ್ದೆಂದು ಪರಿಗಣಿತವಾಗುತ್ತದೆ. ಕೊಟ್ಟವರು ಬಯಸಿದರೆ ನ್ಯಾಯಮಂಡಳಿ ಅದನ್ನು ಅನೂರ್ಜಿತಗೊಳಿಸಬಹುದು. ಆದರೆ ಷರತ್ತು ಇತ್ತೆಂಬುದನ್ನು ತೋರಿಸಬೇಕು. ಬರಿಯ ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಎಂದಷ್ಟೇ ಇದ್ದರೆ ಸಾಲದು ಎಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತ್ತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದೂ, ದಾನವನ್ನು ರದ್ದುಪಡಿಸುವಾಗ ಸ್ವಾಧೀನವನ್ನು ಮರಳಿ ಕೊಡಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆಯೆಂದೂ ಅದೇ ನ್ಯಾಯಾಲಯ ಹೇಳಿತು.

ಹಾಗಾಗಿ ಉಪನೋಂದಣಾಧಿಕಾರಿ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲನ್ನು ತೆಗೆಸಿದೆವು. ಮೊದಲ ಎರಡು ಪುಟ ಚೆಕ್ಕುಬಂದಿ, ಅಳತೆ, ಪ್ರೀತಿ ವಾತ್ಸಲ್ಯದ ಮಾತು. ಮೂರನೆಯ ಪುಟದಲ್ಲಿ, ಸಾಕ್ಷಿಗಳ ಸಹಿಗಿಂತ ಸ್ವಲ್ಪ ಮೇಲೆ, ದಾನ ಪಡೆದವರು ದಾನಿಯವರ ಜೀವಿತ ಕಾಲದವರೆಗೆ ಅನ್ನ, ವಸ್ತ್ರ, ಔಷಧೋಪಚಾರಗಳನ್ನು ನೋಡಿಕೊಂಡು ಬರತಕ್ಕದ್ದು ಎಂಬ ಒಂದು ಸಾಲು ಇತ್ತು. ಪತ್ರ ಬರೆಯುವವರು ವಾಡಿಕೆಯಂತೆ ಸೇರಿಸಿದ ಸಾಲು ಇರಬೇಕು. ಅಮ್ಮನಿಗಾಗಲಿ ಮಗನಿಗಾಗಲಿ ಅದರ ನೆನಪೇ ಇರಲಿಲ್ಲ. ಅಮ್ಮನ ಕಣ್ಣಿಗೆ ಅಕ್ಷರ ಕಾಣದಾದ್ದರಿಂದ ಅದನ್ನು ಎರಡು ಸಲ ಓದಿ ಹೇಳಿದೆ. ಔಷಧೋಪಚಾರ ಎಂಬಲ್ಲಿ ನಿಲ್ಲಿಸಿ, "ಅದ್ರಲ್ಲಿ ಡ್ರಾಪ್ಸೂ ಬರುತ್ತಾ?" ಎಂದು ಕೇಳಿದರು. ಬರುತ್ತದೆ ಎಂದೆ.

ಆ ಸಾಲು ಸಿಕ್ಕ ಮೇಲೆ ಮಗಳ ಧಾಟಿ ಬದಲಾಯಿತು. ದಾನವನ್ನು ರದ್ದು ಮಾಡಿಸಲೇಬೇಕು, ಮನೆ ಅಮ್ಮನ ಹೆಸರಿಗೆ ಬಂದರೆ ತಮಗೂ ಪಾಲು ಉಂಟು ಎಂಬ ಮಾತು ಬಂತು. ಅದು ತಪ್ಪೆಂದು ನಾನು ಹೇಳಲಾರೆ, ತಾಯಿಯನ್ನು ವೈದ್ಯರ ಬಳಿಗೆ ಕರೆದೊಯ್ದವರೂ ಅವರೇ. ಆದರೆ 23ನೆಯ ಕಲಮನ್ನು ಬಳಸುವ ಆಯ್ಕೆಯನ್ನು ಕಾನೂನು ಆಸ್ತಿ ಕೊಟ್ಟವರಿಗೆ ಕೊಟ್ಟಿದೆ, ಬೇರೆ ಮಕ್ಕಳಿಗೆ ಅಲ್ಲ ಎಂಬುದನ್ನು ಅವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಬೇಕಾಯಿತು. ಸೊಸೆಯ ಸ್ಥಿತಿಯನ್ನೂ ನೆನಪಿಸಿದೆ. ಬೆಂಗಳೂರು ಉತ್ತರ ಉಪವಿಭಾಗದಿಂದ ಹೊರಟು ಸರ್ವೋಚ್ಚ ನ್ಯಾಯಾಲಯ ತಲುಪಿದ ಒಂದು ಪ್ರಕರಣದಲ್ಲಿ, ಹಿರಿಯ ನಾಗರಿಕರ ಕಾಯ್ದೆಯನ್ನು ಮುಂದಿಟ್ಟುಕೊಂಡು ಸೊಸೆಗೆ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಕೊಟ್ಟಿರುವ ವಾಸದ ಹಕ್ಕನ್ನು ಸುಮ್ಮನೆ ಅಳಿಸಿಹಾಕಲಾಗದು ಎಂದು 2020ರ ಡಿಸೆಂಬರ್‌ನಲ್ಲಿ ತೀರ್ಪಾಗಿದೆ. ಅದೇ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ತಾಯಿಯೂ ಮಗನ ವಿರುದ್ಧ ರಕ್ಷಣೆ ಮತ್ತು ವಾಸದ ಆದೇಶ ಕೇಳಬಹುದು ಎಂಬುದನ್ನು ಅಮ್ಮನಿಗೆ ತಿಳಿಸಿದೆ. ಸಂಧಾನ ವಿಫಲವಾದರೆ ಆ ದಾರಿಯೂ ಇದೆ.

ನನ್ನ ಸಲಹೆ ಹೀಗಿತ್ತು. ಅರ್ಜಿಯನ್ನು ಅಮ್ಮನ ಹೆಸರಿನಲ್ಲೇ ಸಲ್ಲಿಸಿ, ವಾಸಕ್ಕೆ ಯೋಗ್ಯವಾದ ಕೋಣೆ, ಆಹಾರ ಮತ್ತು ಕಣ್ಣಿನ ಚಿಕಿತ್ಸೆಯನ್ನು ಮೊದಲು ಕೇಳುವುದು. ದಾನಪತ್ರದ ಷರತ್ತನ್ನು ಅದರಲ್ಲಿ ಉಲ್ಲೇಖಿಸುವುದು. ರದ್ದತಿಯ ಅರ್ಜಿಯನ್ನು ಸಿದ್ಧಪಡಿಸಿಟ್ಟುಕೊಂಡು, ಸಂಧಾನದಲ್ಲಿ ಒಪ್ಪಿದ್ದು ನಡೆಯದಿದ್ದರೆ ಮಾತ್ರ ಸಲ್ಲಿಸುವುದು. ವೈದ್ಯರ ಚೀಟಿಗಳು, ಆ ಹಳೆಯ ಬಾಟಲಿ, ಪಾಸ್‌ಬುಕ್, ಕೋಣೆಯ ಫೋಟೋ ಇವನ್ನು ಜೋಪಾನವಾಗಿಡಲು ಹೇಳಿದೆ. ಕಾಗದಪತ್ರಗಳ ಕೆಲಸಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರು ನೆರವಾದರು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ ಎಂಬುದು ಎಷ್ಟೋ ಕುಟುಂಬಗಳಿಗೆ ಇನ್ನೂ ಗೊತ್ತಿಲ್ಲ. ನಡುವೆ ಮನೆಯಲ್ಲಿ ತೊಂದರೆ ಹೆಚ್ಚಾದರೆ ಕರೆ ಮಾಡಲೆಂದು ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಅನ್ನೂ, ತುರ್ತಿಗೆ 112 ಅನ್ನೂ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಹಿರಿಯರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅವರನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಬಿಟ್ಟರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು ಎಂಬುದನ್ನು ಮಾತ್ರ ನಾನು ಅಮ್ಮನಿಗೆ ಹೇಳದೆ, ಮಗನಿಗೆ ಹೇಳಿದೆ.

ಮಗ ಒಮ್ಮೆ ನನ್ನಲ್ಲಿಗೆ ಬಂದಿದ್ದರು. ಅಂಗಡಿಯಲ್ಲಿ ನಷ್ಟ, ಕೈಸಾಲ, ಪಿಂಚಣಿ ಹಣ ಬಡ್ಡಿಗೆ ಹೋಗುತ್ತಿತ್ತು. ಕಷ್ಟ ನಿಜವೇ ಇತ್ತು. ತಾಯಿಯ ಬಾಟಲಿಯನ್ನು ಮೇಜಿನ ಮೇಲಿಟ್ಟು, ಇದನ್ನು ಅವರು ಒಂದೇ ಕಣ್ಣಿಗೆ ಹಾಕಿಕೊಳ್ಳುತ್ತಿದ್ದರು ಎಂದಾಗ, "ನಂಗೆ ಹೇಳೇ ಇಲ್ಲ" ಎಂದರು. ಕೇಳಿದ್ದಿರಾ ಎಂದೆ. ಉತ್ತರ ಬರಲಿಲ್ಲ.

ಸಂಧಾನದಲ್ಲಿ ಅವರು ನಡುಮನೆಯ ಪಕ್ಕದ ಕೋಣೆ ಬಿಟ್ಟುಕೊಡಲು, ತಿಂಗಳ ಔಷಧಿ ತಂದುಕೊಡಲು, ಪಿಂಚಣಿಯಲ್ಲಿ ಕೈ ಹಾಕದಿರಲು ಒಪ್ಪಿದರು, ಅದು ಆದೇಶವಾಗಿದೆ. ಮನೆಖರ್ಚಿಗೆ ತಿಂಗಳಿಗಿಷ್ಟು ಕೊಡುತ್ತೇನೆಂದು ಅಮ್ಮ ತಾವಾಗಿಯೇ ಹೇಳಿದರು. ಬೇಡವೆನ್ನಲು ನಾನು ಹೋಗಲಿಲ್ಲ, ಮೊತ್ತವನ್ನು ಬರೆಸಿ ಎಂದಷ್ಟೇ ಹೇಳಿದೆ. ಇದಾಗಿ ನಾಲ್ಕು ತಿಂಗಳಾಯಿತು. ಬಲಗಣ್ಣು ಹಾಗೇ ಇದೆ. ಎಡಗಣ್ಣಿನಲ್ಲಿ ಹೋದದ್ದು ಹೋಯಿತು. ಸೊಸೆ ಮಾತನಾಡುತ್ತಾರೆ, ಮಗ ಇನ್ನೂ ಮಾತು ಬಿಟ್ಟಿದ್ದಾರೆ. ರದ್ದತಿಯ ಅರ್ಜಿ ಸಹಿಯಾಗಿ ವಕೀಲರ ಕಡತದಲ್ಲಿದೆ. ಹರಿದುಹಾಕಲೇ ಎಂದು ಕಳೆದ ಭೇಟಿಯಲ್ಲಿ ಅಮ್ಮನನ್ನು ಕೇಳಿದಾಗ, ಸ್ವಲ್ಪ ಯೋಚಿಸಿ, "ಇರ್ಲಿ, ಅಲ್ಲೇ ಇರ್ಲಿ" ಎಂದರು. ಜೀವಿತ ಪ್ರಮಾಣಪತ್ರಕ್ಕೆ ಪೋಸ್ಟ್‌ಮ್ಯಾನ್ ಮನೆಗೇ ಬರುವ ಸೌಲಭ್ಯವಿದೆ ಎಂದು ತಿಳಿಸಿದ್ದೇನೆ. ಈ ಸಲ ಬ್ಯಾಂಕಿಗೆ ತಾವೇ ಹೋಗುವುದಾಗಿ ಹೇಳಿದ್ದಾರೆ.